ಏರು ಹತ್ತದ ಗಾಡಿ

ನಮ್ಮ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಅಣ್ಣನ ಕಿವಿ ಹೇಳುವ ತನಕ ಯಾರೂ ಸ್ಪ್ಯಾನರ್ ಎತ್ತುವಂತಿಲ್ಲ. ಯಾರೂ ಅಂದರೆ ನಾನೇ, ಬೇರೆ ಯಾರಿದ್ದರು ಅಲ್ಲಿ? ಎರಡು ಸ್ಕೂಟರ್ ಒಳಗೆ ನಿಲ್ಲಿಸಿದರೆ ಮೂರನೆಯದರ ಹಿಂಭಾಗ ರಸ್ತೆಗೆ ಚಾಚಿಕೊಳ್ಳುವಷ್ಟು ದೊಡ್ಡ ಅಂಗಡಿ ನಮ್ಮದು.

ಕಾಯಿಲೆಯ ಗಾಡಿ ಬಂದರೆ ಅದನ್ನು ಡಬಲ್ ಸ್ಟ್ಯಾಂಡ್ ಹಾಕಿ ಎಕ್ಸಲೇಟರ್ ತಿರುವುವುದು ನನ್ನ ಕೆಲಸ. ಅಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಗೇಣುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟುಕೊಳ್ಳುತ್ತಿದ್ದ. ಅರ್ಧ ನಿಮಿಷ ಸಾಕು. ಎದ್ದು ಮಂಡಿ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದ: "ವಾಲ್ವು." ಅಥವಾ, "ಚೈನು." ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಊರವರು ಅವನಿಗೆ ಕಿವಿಯಣ್ಣ ಎಂದು ಹೆಸರಿಟ್ಟಿದ್ದರು. ನನಗೆ ಯಾರೂ ಹೆಸರಿಡಲಿಲ್ಲ. ಕಿವಿಯಣ್ಣನ ತಮ್ಮ ಅಂದರೆ ಮುಗಿಯಿತು.

ಹದಿನೆಂಟು ವರ್ಷ ಹಾಗೇ ನಡೆಯಿತು. ನನಗೂ ಎರಡು ಕಿವಿ ಇವೆ, ಅವೂ ಸೊಟ್ಟಗೇನಿಲ್ಲ. ಎಷ್ಟೋ ಸಲ ಅಣ್ಣ ಬಾಯಿ ತೆರೆಯುವ ಮೊದಲೇ ನನಗೆ ರೋಗ ಗೊತ್ತಾಗಿರುತ್ತಿತ್ತು. ಹೇಳಲು ಹೋದರೆ ಅವನು ಕೈ ಎತ್ತಿ ತಡೆಯುತ್ತಿದ್ದ. ಅದು ಬರುಬರುತ್ತ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ದಿನ ಬೆಳಿಗ್ಗೆ ಒಬ್ಬ ಗಿರಾಕಿ, ಪಾಪ, ಏನೂ ತಿಳಿಯದವನು, ನನ್ನನ್ನು ನೇರವಾಗಿ ಕೇಳಿದ: "ಏನಾಗಿರಬಹುದು ಇದಕ್ಕೆ?" ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಒಳಗಿನಿಂದ ನಮ್ಮನ್ನೇ ನೋಡಿ ನಗುತ್ತಲೇ ಹೇಳಿದ:

"ಅವನನ್ನೇನು ಕೇಳ್ತೀರಿ? ಅವನು ಕೈ. ಕಿವಿ ನಾನು."

ಗಿರಾಕಿಯೂ ನಕ್ಕ. ನಾನು ನಗಲಿಲ್ಲ. ಅವನು ಹೋದ ಮೇಲೆ ಅಣ್ಣನ ಮೇಲೆ ಹರಿಹಾಯ್ದೆ. ಇಷ್ಟು ವರ್ಷ ನಿನ್ನ ನೆರಳಲ್ಲಿ ಗ್ರೀಸ್ ಹಚ್ಚಿದ್ದು ಸಾಕು, ನನಗೂ ಬಾಯಿ ಇದೆ, ನನ್ನ ಬಾಯಿಗೆ ಬೀಗ ಹಾಕಲು ನೀನು ಯಾರು, ಹೀಗೆಲ್ಲ ಅಂದೆ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಆ ನೋಟ ನನ್ನನ್ನು ಇನ್ನಷ್ಟು ಕೆಣಕಿತು. ಹಾಗಾದರೆ ಇವತ್ತಿನಿಂದ ನಾನು ಬರೀ ಕೈ, ನಿನ್ನ ಕಿವಿ ನೀನು ನೋಡಿಕೋ ಎಂದು ಹೇಳಿ ಮುಖ ತಿರುಗಿಸಿದೆ.

ಅದಾಗಿ ಒಂದು ಗಂಟೆಯೊಳಗೆ ನರ್ಸಮ್ಮ ಬಂದರು.

ನರ್ಸಮ್ಮ ಆಸ್ಪತ್ರೆಯ ಕೆಲಸ ಬಿಟ್ಟು, ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಗಾಯ ತೊಳೆದು, ಸೂಜಿ ಚುಚ್ಚಿ, ಪಟ್ಟಿ ಬದಲಿಸಿ ಬರುವವರು. ದಿನಕ್ಕೆ ಆರು ಮನೆ, ಕೆಲವೊಮ್ಮೆ ಏಳು. ಐವತ್ತು ದಾಟಿದ ಹೆಂಗಸು, ಸಣ್ಣ ಮೈಕಟ್ಟು. ಅವರ ಬೂದು ಬಣ್ಣದ ಪುಟ್ಟ ಸ್ಕೂಟರೂ ಅವರಂತೆಯೇ ಸಣ್ಣದು. ಕಾಲ ಬಳಿ ಔಷಧಿಯ ಚೀಲ.

"ಪಿಕಪ್ ಇಲ್ಲ ಅಣ್ಣ" ಎಂದರು. "ಎಕ್ಸಲೇಟರಿನ ಕಿವಿ ಹಿಂಡಿದ್ರೆ ಕೂಗುತ್ತೆ, ಆದ್ರೆ ಮುಂದಕ್ಕೆ ಹೋಗಲ್ಲ. ನೆಲ ಸಮ ಇರೋ ಕಡೆ ಹೇಗೋ ನಡೆಯುತ್ತೆ. ನೀರಿನ ಟ್ಯಾಂಕ್ ಹತ್ರದ ಏರು ಬಂತು ಅಂದ್ರೆ ನನಗೆ ಪ್ರಾಣ ಹೋದ ಹಾಗೆ ಆಗುತ್ತೆ. ಅರ್ಧಕ್ಕೆ ಹೋಗಿ ಬಲಕ್ಕೆ ತಿರುಗ್ಬೇಕಲ್ಲ, ಎದುರಿಂದ ಲಾರಿಗಳು ಬರ್ತಿರ್ತಾವೆ."

ಅಣ್ಣ ಸ್ಕ್ರೂಡ್ರೈವರ್ ತರುವಷ್ಟರಲ್ಲಿ ನಾನು ಎಕ್ಸಲೇಟರ್ ತಿರುವಿದೆ. ಹಿಂದಿನ ಬ್ರೇಕನ್ನು ಅರ್ಧ ಹಿಡಿದು, ಗಾಡಿಗೆ ಏರಿನ ಭಾರ ಬಿದ್ದಂತೆ ಮಾಡಿ ಮತ್ತೆ ತಿರುವಿದೆ. ಕೇಳಿಸಿತು. ಎಡಗಡೆಯ ಕವರಿನ ಒಳಗಿಂದ ತೆಳ್ಳಗೆ, ಹಲ್ಲು ಜುಮ್ಮೆನ್ನಿಸುವ ಸದ್ದು. ಇಂಜಿನ್ನಿನ ವೇಗ ಏರುತ್ತಿತ್ತು, ಚಕ್ರ ಮಾತ್ರ ಅಲ್ಲೇ ಇತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಬೆಲ್ಟು ಸವೆದು ಜಾರುತ್ತಿದೆ, ಅದರ ಜೊತೆಗಿನ ರೋಲರುಗಳೂ ಚಪ್ಪಟೆಯಾಗಿರಬೇಕು. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ದಾಟಿಸುವ ಹಗ್ಗವೇ ಆ ಬೆಲ್ಟು. ಅದು ಜಾರಿದರೆ ಇಂಜಿನ್ ಎಷ್ಟು ಬೊಬ್ಬೆ ಹೊಡೆದರೂ ಗಾಡಿ ಕದಲುವುದಿಲ್ಲ.

ನನಗೆ ಅಷ್ಟೂ ಗೊತ್ತಾಯಿತು. ಗೊತ್ತಾಗಿದ್ದೂ ನಾನು ಹೇಳಲಿಲ್ಲ.

ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅಣ್ಣ ಹೇಳಲಿ, ಅವನ ಕಿವಿ ತಾನೇ ದೊಡ್ಡದು ಎಂದುಕೊಂಡು ನಾನು ಗೋಡೆಯ ಕಡೆ ತಿರುಗಿದೆ. ಗೋಡೆಗೆ ನೇತುಹಾಕಿದ್ದ ಹಳೆಯ ಟ್ಯೂಬುಗಳನ್ನು ನೋಡುತ್ತ, ಸತ್ತವನ ಮುಖ ಹಾಕಿಕೊಂಡು ಎಕ್ಸಲೇಟರ್ ತಿರುವಿದೆ. ಅಣ್ಣ ಬಹಳ ಹೊತ್ತು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ. ಎಂದಿನ ಅರ್ಧ ನಿಮಿಷ ದಾಟಿ ಎರಡು ನಿಮಿಷವಾಯಿತು. ಕೊನೆಗೆ ಎದ್ದ.

"ಕಾರ್ಬುರೇಟರ್. ಕಸ ಕೂತಿದೆ."

ತಪ್ಪು! ಹದಿನೆಂಟು ವರ್ಷದಲ್ಲಿ ಮೊದಲ ಸಲ ಅಣ್ಣ ತಪ್ಪು ಹೇಳಿದ್ದ, ಮತ್ತು ನನಗೆ ಖುಷಿಯಾಯಿತು. ಬಾಯಲ್ಲಿ ಬೆಲ್ಲ ಇಟ್ಟುಕೊಂಡವನ ಹಾಗೆ ಆ ಖುಷಿಯನ್ನು ಚಪ್ಪರಿಸುತ್ತ ಕಾರ್ಬುರೇಟರ್ ಬಿಚ್ಚಿದೆ, ತೊಳೆದೆ, ಏರ್ ಫಿಲ್ಟರಿನ ಧೂಳು ಹೊಡೆದೆ, ಮತ್ತೆ ಕೂಡಿಸಿದೆ. ಕಸವೇನೂ ಇರಲಿಲ್ಲ. ಗಾಡಿ ವಾಪಸ್ ಬರುತ್ತದೆ, ಆಗ ಅಣ್ಣನ ಮುಖ ನೋಡಬೇಕು ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕದಲ್ಲಿ ನರ್ಸಮ್ಮ ಇರಲೇ ಇಲ್ಲ. ಅವರು ಆ ಗಾಡಿಯ ಮೇಲೆ ದಿನವೂ ಆ ಏರಿಗೆ ಹೋಗುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಒಂಬತ್ತನೆಯ ದಿನ ಅವರು ಮತ್ತೆ ಬಂದರು. "ಎರಡು ದಿನ ಪರವಾಗಿಲ್ಲ ಅನ್ನಿಸ್ತು" ಎಂದರು. "ಆಮೇಲೆ ಮತ್ತೆ ಅದೇ ಗೋಳು. ನಾನೇ ಸರಿಯಾಗಿ ಓಡಿಸ್ತಿಲ್ಲವೇನೋ."

ಅಷ್ಟರಲ್ಲಿ ನಮ್ಮಿಬ್ಬರ ಜಗಳ ತಣ್ಣಗಾಗಿತ್ತು, ಮಾತು ಮಾತ್ರ ಇನ್ನೂ ಕೂಡಿರಲಿಲ್ಲ. ಅಣ್ಣ ಕೂತ. ನಾನು ಬ್ರೇಕ್ ಅರ್ಧ ಹಿಡಿದು ಎಕ್ಸಲೇಟರ್ ತಿರುವಿದೆ. ಈ ಸಲ ಸದ್ದು ತೆಳ್ಳಗಿರಲಿಲ್ಲ. ಬೆಲ್ಟು ಕಿರ್ರೆಂದು ಕಿರುಚಿತು. ನರ್ಸಮ್ಮ ಕಿವಿ ಮುಚ್ಚಿಕೊಂಡರು. ಎದುರಿನ ಗಡಿಯಾರ ರಿಪೇರಿಯವನು ಕಣ್ಣಿನ ಭೂತಗನ್ನಡಿ ತೆಗೆದು ತಲೆ ಎತ್ತಿ ನೋಡಿದ. ಇಂಜಿನ್ನಿನಿಂದ ಒಂದೇ ಗೇಣು ದೂರದಲ್ಲಿ, ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿಕೊಂಡು ಕೂತಿದ್ದ ಅಣ್ಣನ ರೆಪ್ಪೆ ಕೂಡ ಅಲುಗಲಿಲ್ಲ.

ಇನ್ನೊಂದು ಸಲ ತಿರುವಿದೆ. ಮತ್ತೆ ಅದೇ ಕಿರುಚಾಟ, ಮತ್ತೆ ಅದೇ ಅಲುಗದ ಮುಖ.

ಆಗ ತಿಳಿಯಿತು. ಕಿವಿಯಣ್ಣನಿಗೆ ಕಿವಿ ಇರಲಿಲ್ಲ.

ಕೆಲವು ಕಾಲದಿಂದ ಅವನು ಫೋನ್ ಎತ್ತುವುದನ್ನು ಬಿಟ್ಟು ನನ್ನ ಕೈಗೆ ಕೊಡುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಇದನ್ನೆಲ್ಲ ನಾನು ಅವನ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಇಂಜಿನ್ನುಗಳ ಮಧ್ಯೆ ಮೂವತ್ತು ವರ್ಷ ಬಾಳಿದ ಕಿವಿ, ಎಷ್ಟು ದಿನ ತಾಳೀತು? ನಾನು ಅವನನ್ನೇ ದಿಟ್ಟಿಸುತ್ತ ನಿಂತೆ. ಅವನೂ ನನ್ನನ್ನೇ ದಿಟ್ಟಿಸಿದ. ಆಮೇಲೆ ಎದ್ದು, "ಸೈಲೆನ್ಸರ್ ಕಟ್ಟಿಕೊಂಡಿದೆ" ಎಂದ. ದನಿಯಲ್ಲಿ ಎಂದಿನ ಬಿಗಿ ಇರಲಿಲ್ಲ.

ಈಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೊದಲ ಸಲ ಸಿಟ್ಟು ತಡೆದಿತ್ತು, ಈ ಸಲ ಕನಿಕರ ತಡೆಯಿತು. ಗಿರಾಕಿಯ ಎದುರಿಗೆ, ಗಡಿಯಾರದವನು ನೋಡುತ್ತಿರುವಾಗ, ಅಣ್ಣನಿಗೆ ಕೇಳಿಸುವುದಿಲ್ಲ ಎಂದು ಹೇಗೆ ಹೇಳಲಿ? ಕಿವಿಯೇ ಅವನ ಹೆಸರು, ಅದನ್ನೇ ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು? ಸುಮ್ಮನೆ ಸೈಲೆನ್ಸರ್ ಬಿಚ್ಚಿ, ಮಸಿ ಕೆರೆದು ಹಾಕಿದೆ. ನರ್ಸಮ್ಮ ಹೊರಡುವಾಗ ಮೆಲ್ಲಗೆ ಅವರ ಹತ್ತಿರ ಹೋಗಿ ಹೇಳಿದೆ:

"ಭಾನುವಾರ ಗಾಡಿ ಬಿಟ್ಟು ಹೋಗಿ ನರ್ಸಮ್ಮ. ಎಡಗಡೆ ಕವರ್ ಬಿಚ್ಚಿ ಒಂದ್ಸಲ ಪೂರ್ತಿ ನೋಡ್ತೀನಿ. ಅಲ್ಲಿವರೆಗೆ ಆ ಏರಿನ ಕಡೆ ಹೋಗ್ಬೇಡಿ."

"ಹೋಗದೆ ಹೇಗಪ್ಪ? ಆ ಮೇಲಿನ ಮನೆ ಒಂದೇ ಬಿಡೋಕಾಗಲ್ಲ. ಆಗಲಿ, ಭಾನುವಾರ ತರ್ತೀನಿ."

ರಜೆಯ ದಿನ ಅಣ್ಣನಿಲ್ಲದ ಹೊತ್ತಿನಲ್ಲಿ ಗುಟ್ಟಾಗಿ ಬೆಲ್ಟು ಬದಲಿಸಿಬಿಟ್ಟರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂದುಕೊಂಡೆ. ಆ ದಿನ ಬುಧವಾರ.

ಶುಕ್ರವಾರ ಮಧ್ಯಾಹ್ನ ನರ್ಸಮ್ಮ ಗಾಡಿಯನ್ನು ತಳ್ಳಿಕೊಂಡು ಬಂದರು. ಜೊತೆಗೆ ಯಾರೋ ದಾರಿಹೋಕ ಹಿಂದಿನಿಂದ ನೂಕುತ್ತಿದ್ದ. ಮುಂದಿನ ದೀಪ ಒಡೆದಿತ್ತು, ಎಡಗಡೆಯ ಕನ್ನಡಿ ಇರಲಿಲ್ಲ. ಅವರ ಮೊಣಕೈಗೆ ಪಟ್ಟಿ ಇತ್ತು, ಅದನ್ನು ಅವರೇ ಒಂದು ಕೈಯಲ್ಲಿ ಸುತ್ತಿಕೊಂಡಿದ್ದರೆಂದು ನೋಡಿದರೆ ಗೊತ್ತಾಗುತ್ತಿತ್ತು. ಔಷಧಿಯ ಚೀಲದ ತಳ ಒದ್ದೆಯಾಗಿ ತೊಟ್ಟಿಕ್ಕುತ್ತಿತ್ತು.

ಅಣ್ಣ ಸ್ಟೂಲ್ ತಂದು ಕೊಟ್ಟ. ಅವರು ಕೂತು, ನೀರು ಕುಡಿದು, ಆದದ್ದನ್ನು ಹೇಳಿದರು. ಏರಿನ ಅರ್ಧಕ್ಕೆ ಹೋಗಿ ಬಲಕ್ಕೆ ತಿರುಗಲು ನಿಂತಿದ್ದರು. ಲಾರಿ ದೂರದಲ್ಲಿತ್ತು, ದಾಟಬಹುದು ಎಂದು ಎಕ್ಸಲೇಟರ್ ಪೂರ್ತಿ ತಿರುವಿದರು. ಗಾಡಿ ಕೂಗಿತು, ಕೂಗುತ್ತಲೇ ನಡುರಸ್ತೆಯಲ್ಲಿ ನಿಂತಿತು. ಲಾರಿಯವನು ಬ್ರೇಕ್ ಮೇಲೆ ನಿಂತೇ ಬಿಟ್ಟನಂತೆ. ಬಂಪರಿನ ತುದಿ ತಾಗಿ ಗಾಡಿ ಉರುಳಿತು, ಇವರು ಈ ಕಡೆ ಬಿದ್ದರು.

"ಆ ಕಡೆ ಬಿದ್ದಿದ್ರೆ ಚಕ್ರದ ಕೆಳಗೆ" ಎಂದರು. ಆಮೇಲೆ, ನನ್ನನ್ನು ಇವತ್ತಿಗೂ ಚುಚ್ಚುವ ಮಾತು: "ನಿಮ್ಮನ್ನ ಏನೂ ಅನ್ನೋಕಾಗಲ್ಲ. ನೀವು ಎರಡು ಸಲ ನೋಡಿದ್ರಲ್ಲ. ನನ್ನದೇ ಏನೋ ತಪ್ಪಿರ್ಬೇಕು."

ಅಣ್ಣ ಸ್ಕ್ರೂಡ್ರೈವರ್ ಎತ್ತಿಕೊಳ್ಳಲು ಹೋದ. ನಾನು ಅದನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟೆ. ಇಂಜಿನ್ ಚಾಲೂ ಮಾಡದೆ, ಏನನ್ನೂ ಕೇಳದೆ, ಸ್ಪ್ಯಾನರ್ ಹಿಡಿದು ಎಡಗಡೆಯ ಕವರಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಕವರ್ ಬಂದಾಗ ಕಪ್ಪು ಪುಡಿ ನೆಲಕ್ಕೆ ಸುರಿಯಿತು. ಬೆಲ್ಟನ್ನು ಹೊರತೆಗೆದು ಬೆಳಕಿಗೆ ಹಿಡಿದೆ. ಬೆರಳಗಲ ಇರಬೇಕಾದದ್ದು ಮುಕ್ಕಾಲು ಬೆರಳಿಗೆ ಇಳಿದಿತ್ತು. ಬದಿಗಳು ಗಾಜಿನಂತೆ ನುಣುಪಾಗಿದ್ದವು, ಒಂದು ಕಡೆ ಒಳಗಿನ ನೂಲು ಹೊರಗೆ ಬಂದಿತ್ತು. ಗುಂಡಗಿರಬೇಕಾದ ರೋಲರುಗಳು ಒಂದು ಮಗ್ಗುಲು ಚಪ್ಪಟೆಯಾಗಿದ್ದವು.

"ನಿಮ್ಮ ತಪ್ಪಲ್ಲ ನರ್ಸಮ್ಮ" ಎಂದೆ. "ಇದೇ ಕಾರಣ. ಮೊದಲ ದಿನವೇ ನನಗೆ ಕೇಳಿಸಿತ್ತು."

ಅವರು ಬೆಲ್ಟನ್ನು ನೋಡಿದರು, ನನ್ನನ್ನು ನೋಡಿದರು. "ಕೇಳಿಸಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

ಅಣ್ಣನ ಮೇಲೆ ಸಿಟ್ಟಿತ್ತು ಅನ್ನಲೇ? ಅಣ್ಣನ ಮೇಲೆ ಕನಿಕರ ಬಂತು ಅನ್ನಲೇ? ತಲೆ ತಗ್ಗಿಸಿ ನಿಂತೆ. ಆಗ ಅಣ್ಣ ಮಾತಾಡಿದ. ಅವನು ಇಷ್ಟು ಹೊತ್ತೂ ನಮ್ಮ ತುಟಿಗಳನ್ನೇ ನೋಡುತ್ತಿದ್ದನೆಂದು ನನಗೆ ಆಗಷ್ಟೇ ಗಮನಕ್ಕೆ ಬಂತು.

"ನನಗೆ ಕಿವಿ ಕೇಳ್ಸಲ್ಲ ನರ್ಸಮ್ಮ. ಎರಡು ವರ್ಷ ಆಯ್ತು. ದಪ್ಪ ಸದ್ದು ಸ್ವಲ್ಪ ಗೊತ್ತಾಗುತ್ತೆ, ತೆಳ್ಳಗಿನದು ಪೂರ್ತಿ ಹೋಗಿದೆ. ಗೊತ್ತಿದ್ದೂ ನಿಮ್ಮ ಗಾಡಿಗೆ ಕೈ ಹಾಕಿದ್ದು ನಾನು. ಅವನನ್ನ ಏನೂ ಅನ್ಬೇಡಿ."

ನರ್ಸಮ್ಮ ಕೈಗಡಿಯಾರ ನೋಡಿಕೊಂಡು ಎದ್ದರು. ಇನ್ನೂ ಎರಡು ಮನೆ ಬಾಕಿ ಇದ್ದವು.

"ನೀನು ನಿನ್ನ ಗಾಡೀಲಿ ಇವರನ್ನ ಕರ್ಕೊಂಡು ಹೋಗು" ಎಂದ ಅಣ್ಣ. "ಬೆಲ್ಟು ನಾನು ಹಾಕ್ತೀನಿ. ಬೆಲ್ಟು ಹಾಕೋಕೆ ಕಿವಿ ಬೇಕಾಗಿಲ್ಲ."

ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ದಾರಿಯಲ್ಲಿ ಔಷಧಿ ಅಂಗಡಿಯ ಮುಂದೆ ನಿಲ್ಲಿಸಿ, ಒಡೆದ ಬಾಟಲಿಗಳ ಬದಲಿಗೆ ಬೇರೆ ತೆಗೆದುಕೊಂಡರು. ಟ್ಯಾಂಕಿನ ಏರಿಗೆ ಬಂದಾಗ ರಸ್ತೆಯ ಮೇಲೆ ಲಾರಿಯ ಚಕ್ರ ಎಳೆದ ಎರಡು ಕಪ್ಪು ಗೆರೆಗಳು ಕಂಡವು. ಗೆರೆ ಮುಗಿದ ಕಡೆ ಕನ್ನಡಿಯ ಚೂರುಗಳು ಬಿದ್ದಿದ್ದವು. ನಾನು ಬಲಕ್ಕೆ ತಿರುಗಲು ಅಲ್ಲೇ ನಿಲ್ಲಿಸಿದೆ. ಎದುರಿನಿಂದ ಗಾಡಿಗಳು ಒಂದರ ಹಿಂದೊಂದು ಇಳಿದು ಬರುತ್ತಿದ್ದವು. ಆಗ ಹಿಂದಿನಿಂದ ಅವರು ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಪಟ್ಟಿ ಕಟ್ಟುವಾಗ ರೋಗಿಗೆ ವಿಷಯ ತಿಳಿಸುವಂತೆ ಹೇಳಿದರು:

"ನೀವಿಬ್ಬರೂ ನಿಮ್ಮ ನಿಮ್ಮ ಮರ್ಯಾದೆ ಕಾಪಾಡ್ಕೊಂಡ್ರಿ. ರಸ್ತೆ ಮೇಲೆ ನಾನಿದ್ದೆ."

ನಾನು ತಿರುಗಿ ನೋಡಲಿಲ್ಲ. ನೋಡುವ ಮುಖ ನನಗಿರಲಿಲ್ಲ.

ಮೇಲಿನ ಮನೆ ಎಂದರೆ ಮಹಡಿಯ ಮೇಲಿನ ಒಂದು ಕೋಣೆ. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಮುದುಕ ಮಗ್ಗುಲಾಗಿ ಮಲಗಿದ್ದ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಬೆನ್ನಿನ ಕೆಳಗಿನ ಹುಣ್ಣನ್ನು ದಿನಾ ತೊಳೆಯಬೇಕು, ಒಂದು ದಿನ ತಪ್ಪಿದರೂ ಕೀವು ಕಟ್ಟುತ್ತದೆ. ಅವನ ಹೆಂಡತಿ ಬಿಸಿನೀರನ್ನು ಮೂರು ಸಲ ಕಾಯಿಸಿ ಇಟ್ಟಿದ್ದರು. ನರ್ಸಮ್ಮ ಗಾಯಗೊಂಡ ತೋಳನ್ನು ಮೈಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಮುದುಕನನ್ನು ಹೊರಳಿಸಿ ಹಿಡಿಯುವುದು ನನ್ನ ಪಾಲಿಗೆ ಬಂತು. ಅವನ ಹೆಗಲು ಮಗುವಿನದಷ್ಟು ಹಗುರವಾಗಿತ್ತು. ಹಳೆಯ ಪಟ್ಟಿ ಬಿಡಿಸುವಾಗ ಅವನು ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇವತ್ತು ಬರೋದೇ ಇಲ್ಲವೇನೋ ಅಂದ್ಕೊಂಡ್ವಿ" ಎಂದರು ಮುದುಕನ ಹೆಂಡತಿ. "ಗಾಡಿ ತೊಂದ್ರೆ ಕೊಡ್ತಿದೆ ಅಂದಿದ್ರಲ್ಲ. ಅದ್ಯಾರೋ ಮೆಕ್ಯಾನಿಕ್ ಇದ್ದಾನಂತಲ್ಲ, ಬರೀ ಕಿವಿಯಲ್ಲೇ ಹೇಳ್ತಾನಂತೆ, ಅಲ್ಲಿಗೆ ಕೊಡ್ಬಾರ್ದಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನೆರಡು ಕೈಯಲ್ಲೂ ಮುದುಕನಿದ್ದುದರಿಂದ ಮುಟ್ಟಿಕೊಳ್ಳಲು ಆಗಲಿಲ್ಲ, ಅಷ್ಟೆ. ನರ್ಸಮ್ಮ ಹತ್ತಿ ಬದಲಿಸುತ್ತ, "ಕೊಟ್ಟಿದ್ದೀನಿ ಅಮ್ಮ, ಸರಿ ಮಾಡ್ತಿದ್ದಾರೆ" ಎಂದರು. ನಾನು ಯಾರೆಂದು ಆ ಅಮ್ಮ ಕೇಳಿದಾಗ, "ನಮ್ಮ ಪರಿಚಯದವರು" ಎಂದರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಇನ್ನೊಂದು ಮನೆಯನ್ನೂ ಮುಗಿಸಿ ನಾವು ಅಂಗಡಿಗೆ ಮರಳಿದಾಗ ಇನ್ನೂ ಬಿಸಿಲಿತ್ತು. ಅಣ್ಣ ಹೊಸ ಬೆಲ್ಟು, ಹೊಸ ರೋಲರ್ ಹಾಕಿ, ಒಳಗಿನ ಕಪ್ಪು ಪುಡಿಯನ್ನೆಲ್ಲ ಬಟ್ಟೆಯಿಂದ ಒರೆಸಿ, ಕವರ್ ಮುಚ್ಚಿ ಮುಗಿಸಿದ್ದ. ದೀಪ, ಕನ್ನಡಿಗಳನ್ನೂ ಹೊಂದಿಸಿದ್ದ. ಕೀಲಿಯನ್ನು ನನಗೆ ಕೊಟ್ಟು, "ನೀನು ಓಡಿಸಿ ನೋಡು. ನಾನು ಹೇಳೋದು ಬೇಡ" ಎಂದ.

ಅದೇ ಏರಿಗೆ ಹೋದೆ. ಅರ್ಧದಲ್ಲಿ ನಿಲ್ಲಿಸಿ, ಬೇಕೆಂದೇ ಒಂದು ಕ್ಷಣ ತಡೆದು ಎಕ್ಸಲೇಟರ್ ತಿರುವಿದೆ. ಗಾಡಿ ಕೂಗಲಿಲ್ಲ, ಹೊರಟಿತು. ಎಷ್ಟು ಸುಲಭವಾಗಿ ಹೊರಟಿತೆಂದರೆ ನನ್ನ ಕಣ್ಣು ತುಂಬಿ ಬಂತು. ಮೊದಲ ದಿನವೇ ಆಗಬಹುದಾಗಿದ್ದ ಒಂದು ತಾಸಿನ ಕೆಲಸ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

ನರ್ಸಮ್ಮ ಗಾಡಿ ಹತ್ತಿ, ಅಣ್ಣನ ಕಡೆ ತಿರುಗಿ, ಅವನಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು: "ಕಿವಿ ಡಾಕ್ಟರಿಗೆ ತೋರಿಸ್ಕೊಳ್ಳಿ. ಇನ್ನೂ ತಡ ಮಾಡ್ಬೇಡಿ." ನನಗೆ ಏನೂ ಹೇಳಲಿಲ್ಲ. ಆಮೇಲೆ ಅವರು ನಮ್ಮ ಅಂಗಡಿಗೆ ಬರಲೂ ಇಲ್ಲ. ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ಗಾಡಿ ತೋರಿಸುತ್ತಾರೆಂದು ಕೇಳಿದ್ದೇನೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅವರು ಹೋದ ಮೇಲೆ ಅಣ್ಣ ಬಕೆಟ್ಟಿನ ಮುಂದೆ ಕೂತು ಸೋಪಿನ ಪುಡಿಯಲ್ಲಿ ಕೈ ಉಜ್ಜಿಕೊಳ್ಳತೊಡಗಿದ. ನಾನು ಅವನ ಎದುರಿಗೆ ಹೋಗಿ ಕೂತೆ. ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು.

"ಎರಡು ವರ್ಷ ಅಂದ್ಯಲ್ಲ ಅಣ್ಣ. ಎರಡು ವರ್ಷದಲ್ಲಿ ಇನ್ನೂರು ಮುನ್ನೂರು ಗಾಡಿ ಬಂದಿರ್ಬೇಕು. ಎಲ್ಲಾನೂ ಸರಿಯಾಗೇ ಹೇಳಿದೀಯ. ಕೇಳಿಸದೆ ಹೇಗೆ ಹೇಳಿದೆ?"

ಅವನು ಕೈ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಾನೆಲ್ಲಿ ಹೇಳಿದೆ? ನೀನು ಹೇಳ್ತಿದ್ದೆ."

ನನಗೆ ಅರ್ಥವಾಗಲಿಲ್ಲ.

"ನಿನ್ನ ಮುಖ ನೋಡಿ ಹೇಳ್ತಿದ್ದೆ ಕಣೋ. ವಾಲ್ವು ಅಂದ್ರೆ ನೀನು ಕೆಳತುಟಿ ಕಚ್ತೀಯ. ಕಾರ್ಬುರೇಟರ್ ಅಂದ್ರೆ ಹುಬ್ಬು ಗಂಟಿಕ್ತೀಯ. ಬೆಲ್ಟು, ರೋಲರ್ ಅಂದ್ರೆ ನಿನ್ನ ತಲೆ ಎಡಗಡೆಗೆ ವಾಲುತ್ತೆ, ನಿನಗೇ ಗೊತ್ತಿಲ್ಲ. ಚಿಕ್ಕಂದಿನಿಂದ ನಿನ್ನ ಮುಖ ನೋಡಿದವನು ನಾನು, ನನಗೆ ತಿಳಿಯಲ್ವಾ? ನಿನ್ನ ಕಿವಿ ನನ್ನದಕ್ಕಿಂತ ಯಾವತ್ತೂ ಚೆನ್ನಾಗಿತ್ತು."

ಹೌದು, ಮೊದಲೆಲ್ಲ ಅಣ್ಣ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಈಚೆಗೆ ಕಣ್ಣು ತೆರೆದೇ ಇರುತ್ತಿದ್ದ. ನೋಡಿದ್ದೂ ನೋಡದವನಾಗಿದ್ದೆ ನಾನು.

"ಅವತ್ತು ಜಗಳ ಆಡಿ ನೀನು ಗೋಡೆ ಕಡೆ ತಿರುಗಿಬಿಟ್ಟೆ" ಎಂದ ಅಣ್ಣ. "ನಾನು ಕಾದೆ. ಈಗ ತಿರುಗ್ತಾನೆ, ಆಗ ತಿರುಗ್ತಾನೆ ಅಂತ. ನೀನು ತಿರುಗಲಿಲ್ಲ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಎರಡನೇ ಸಲ ನಾನು ನಿನ್ನ ಕಡೆಗೇ ನೋಡ್ತಿದ್ದೆನಲ್ಲ?"

ಅವನು ಕೈ ತೊಳೆದು, ಬಟ್ಟೆ ತೆಗೆದುಕೊಂಡು, ಒಂದೊಂದೇ ಬೆರಳನ್ನು ಒರೆಸಿಕೊಂಡ.

"ನೋಡ್ತಿದ್ದೆ. ಆದ್ರೆ ಎರಡನೇ ಸಲ ನಿನ್ನ ಮುಖದಲ್ಲಿ ಗಾಡಿ ಇರ್ಲಿಲ್ಲ. ನಾನಿದ್ದೆ."

ನಾನು ಅತ್ತುಬಿಟ್ಟೆ. ನಲವತ್ತಮೂರು ವರ್ಷದ ಗಂಡಸು, ಬೀದಿಗೆ ಬಾಗಿಲು ತೆರೆದ ಅಂಗಡಿಯಲ್ಲಿ, ನೆಲದ ಮೇಲೆ ಕೂತು ಅತ್ತೆನೆಂದು ಬರೆಯಲು ನನಗೆ ನಾಚಿಕೆಯಿಲ್ಲ. ಹದಿನೆಂಟು ವರ್ಷ ಯಾವ ಮಾತಿಗಾಗಿ ಹಲುಬಿದೆನೋ ಆ ಮಾತು ಸಿಕ್ಕಿತ್ತು. ಅದರ ಪಕ್ಕದಲ್ಲೇ ನರ್ಸಮ್ಮನ ಮೊಣಕೈ ಇತ್ತು, ರಸ್ತೆಯ ಮೇಲಿನ ಎರಡು ಕಪ್ಪು ಗೆರೆಗಳಿದ್ದವು.

"ಹೇಳ್ಬಾರದಿತ್ತಾ ಅಣ್ಣ?" ಎಂದೆ. "ಎರಡು ವರ್ಷ ಒಬ್ಬನೇ ಯಾಕೆ ಇಟ್ಕೊಂಡೆ?"

"ಹೆದರಿದ್ದೆ" ಎಂದ ಅಣ್ಣ. ಇಷ್ಟು ವರ್ಷದಲ್ಲಿ ಆ ಶಬ್ದವನ್ನು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ. "ನೀನೇ ಎಲ್ಲ ಅಂತ ಗೊತ್ತಾದ್ರೆ ಈ ಅಂಗಡೀಲಿ ನಾನು ಯಾಕೆ ಅಂತ ಆಗುತ್ತಲ್ಲ. ಅದಕ್ಕೇ ಆ ಗಿರಾಕಿ ಮುಂದೆ ಹಾಗಂದಿದ್ದು, ಅವನು ಕೈ, ಕಿವಿ ನಾನು ಅಂತ. ತಪ್ಪಾಯ್ತು ಕಣೋ. ನಿನ್ನತ್ತಿಗೆ ಒಬ್ಬಳಿಗೇ ಗೊತ್ತಿತ್ತು. ತಮ್ಮನಿಗೆ ಹೇಳಿ, ಹೇಳಿ ಅಂತ ಅವಳು ದಿನಾ ಬಡ್ಕೋತಿದ್ದಳು. ಅದೂ ಕಿವಿಗೆ ಬೀಳ್ಲಿಲ್ಲ."

ಅವನು ನಗಲು ನೋಡಿದ. ನಗು ಬರಲಿಲ್ಲ. ಆ ಒದ್ದೆ ಬಟ್ಟೆಯಲ್ಲೇ ನನ್ನ ಮುಖ ಒರೆಸಿದ. ಗ್ರೀಸು, ಸೋಪು, ಕಣ್ಣೀರು ಎಲ್ಲ ಒಂದಾಯಿತು.

"ಇನ್ಮೇಲೆ ಏನಿದ್ರೂ ಬಾಯಿ ಬಿಟ್ಟು ಹೇಳು" ಎಂದ. "ನಿನ್ನ ಮುಖ ಓದಿ ಓದಿ ನನಗೂ ಸುಸ್ತಾಗಿದೆ."

"ಸರಿ ಅಣ್ಣ" ಎಂದೆ.

ಅಳುವಿನಲ್ಲಿ ನನ್ನ ತುಟಿ ಸರಿಯಾಗಿ ಅಲುಗಿರಲಿಲ್ಲವೇನೋ. ಕೇಳಿಸಲಿಲ್ಲ ಎಂದು ಅವನು ಕೈಯಾಡಿಸಿದ. ನಾನು ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಇನ್ನೊಂದು ಸಲ ಹೇಳಿದೆ. ಗಡಿಯಾರದವನು ತಲೆ ಎತ್ತಿ ನಮ್ಮ ಕಡೆ ನೋಡಿದ. ಅಣ್ಣ ಅವನಿಗೆ ತನ್ನ ಕಿವಿಯನ್ನು ಬೆರಳಿಟ್ಟು ತೋರಿಸಿ, ಇಲ್ಲ ಎಂದು ತಲೆಯಾಡಿಸಿದ.